ಪ್ರಿಯವಾದುದೂ ಫಲವಾದುದೂ

ವಿದ್ಯಾರ್ಥಿನಿಯರು ತಮ್ಮ ತಮ್ಮೊಳಗೆ ಕೈಯಿಂದ ಕೈಗೆ ಕೊಡುವ ಹಸ್ತಾಕ್ಷರ ಪುಸ್ತಕಗಳಲ್ಲಿ ತಪ್ಪದೆ ಕಾಣುವ ಒಂದು ಪ್ರಶ್ನೆಯುಂಟು. ನಿನಗೆ ಅತ್ಯಂತ ಪ್ರಿಯವಾದ ಪುಸ್ತಕವು ಯಾವುದು? ಪ್ರಿಯವಾದ ಚಲಚ್ಚಿತ್ರವು ಯಾವುದು? ಪ್ರಿಯವಾದ ನಾಟಕವೋ ಬಯಲಾಟವೋ ಯಾವುದು? ಉತ್ತರವಾಗಿ ಒಂದೆರಡು ಹೆಸರುಗಳನ್ನು ಬರೆದುಕೊಟ್ಟರೆ ಪ್ರಶ್ನೆಯು ತೀರಿತೆಂದು ಕೇಳಿದವಳೂ ಭಾವಿಸುವಳು, ಬರೆದವಳೂ ಭಾವಿಸುವಳು. ಇದೊಂದು ಹುಡುಗಾಟಿಕೆಯ ಪ್ರಶ್ನೆಯೆಂದು ಹಿರಿಯರು ನಗುವುದೂ ಉಂಟು. ನನಗಾದರೋ ಇದು ಅರ್ಧಕ್ಕೆ ನಿಂತುಹೋದ ಪ್ರಶ್ನೆಯಾಗಿ ತೋರುತ್ತದೆ. ಪ್ರಿಯವಾದ ಆ ವಸ್ತುವು ನಿನ್ನ ಕೈಯಿಂದ ಏನನ್ನು ಮಾಡಿಸಿತು? ಎಂಬುದೇ ಅದರ ಉತ್ತರಾರ್ಧವು. ಅದನ್ನು ಕೇಳುವವರು ವಿರಳ.

ಪ್ರಿಯ ಭಗಿನಿಯರೇ, ಲೇಖಕರಾದವರನ್ನು ಕಂಡಾಗಲೂ ನಾವು ಇದೇ ಅರ್ಧ ಪ್ರಶ್ನೆಯನ್ನೇ ಕೇಳುತ್ತೇವೆ. ಅವರು ಮೆಚ್ಚಿದ ಗ್ರಂಥಗಳ ಪಟ್ಟಿಯನ್ನು ಬರೆದುಕೊಂಡು, ಆ ಗ್ರಂಥಗಳನ್ನು ತಂದು ಓದಿದರೆ ನಮಗೂ ಬರೆಯುವ ಶಕ್ತಿಯು ಬಂದೀತೆಂದು ನಂಬುತ್ತೇವೆ. ಆದರೆ ಮೆಚ್ಚಿಕೆಯು ಬೀಜದಂತಿರುವುದು. ಬೀಜವನ್ನು ಡಬ್ಬಿಯಲ್ಲಿಟ್ಟು ಎಣಿಸಿದ ಮಾತ್ರಕ್ಕೆ ಗದ್ದೆಯು ಹಸುರಾಗದು. ನಮ್ಮ ನೆರೆಹೊರೆಯ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳಲ್ಲಿ ಹುಟ್ಟಿ ಹೆಸರಾದವರು ತಾವು ಪ್ರೀತಿಸಿದ್ದನ್ನು ಹೇಗೆ ಬಿತ್ತಿದರೆಂಬುದನ್ನು ನೋಡಿದರೆ ಈ ಮಾತಿನ ನಿಜವು ತಿಳಿಯುವುದು. ಅದಕ್ಕಾಗಿ ದೂರದ ದೇಶಗಳ ಉದಾಹರಣೆಗಳನ್ನು ಅರಸಬೇಕಾಗಿಲ್ಲ.

ಮೊದಲು ಮೂಡಬಿದಿರೆಯನ್ನು ನೋಡೋಣ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯೂ, ಹಳಗನ್ನಡ ಲಿಪಿಯಲ್ಲಿ ಬರೆದಿಟ್ಟ ಧವಲಾ ಮುಂತಾದ ತಾಡವೋಲೆಗಳ ಸಂಪತ್ತೂ ಆ ಊರಿಗೆ ಕೀರ್ತಿಯನ್ನು ತಂದಿರುವುವು. ಹದಿನಾರನೆಯ ಶತಮಾನದಲ್ಲಿ ಅಲ್ಲಿ ಬೆಳೆದ ರತ್ನಾಕರವರ್ಣಿಗೆ ಓದುವುದಕ್ಕೆ ಗ್ರಂಥಗಳ ಕೊರತೆಯಿರಲಿಲ್ಲ. ಆದಿತೀರ್ಥಂಕರನ ಮಕ್ಕಳಾದ ಭರತ ಬಾಹುಬಲಿಗಳ ಕಥೆಯನ್ನು 941ರಲ್ಲಿಯೇ ಪಂಪನು ತನ್ನ ಆದಿಪುರಾಣದಲ್ಲಿ ಪ್ರೌಢವಾಗಿ ಹೇಳಿ ಮುಗಿಸಿದ್ದನು. ನೆರೆಯ ಕಾರ್ಕಳದ ಬಂಡೆಯ ಮೇಲೆ 1432ರಲ್ಲಿ ಪ್ರತಿಷ್ಠಿತನಾದ ಬಾಹುಬಲಿಯು ಆಕಾಶಕ್ಕೆ ತಲೆಯೆತ್ತಿ ನಿಂತಿದ್ದನು. ಓದಿದ ಗ್ರಂಥದಲ್ಲಿಯೂ ಕಣ್ಣೆದುರಿನ ಶಿಲೆಯಲ್ಲಿಯೂ ಎಲ್ಲವನ್ನೂ ತೊರೆದ ತಮ್ಮನೇ ಹೀಗೆ ಎದ್ದು ಕಾಣುತ್ತಿರಲು, ರತ್ನಾಕರನು ತನ್ನ ಕಾವ್ಯಕ್ಕೆ ಆರಿಸಿಕೊಂಡುದು ಅಣ್ಣನಾದ ಭರತನನ್ನು.

ಅರಮನೆಯಲ್ಲಿದ್ದು, ಮಡದಿಯರೊಡನೆ ಮಾತಾಡಿ, ಉಂಡು, ಹಾಡು ಕೇಳಿ, ಆದರೂ ಮನಸ್ಸಿನಲ್ಲಿ ಯೋಗಿಯಾಗಿರುವ ಗೃಹಸ್ಥನ ಕಥೆಯೇ ಅವನ ಭರತೇಶ ವೈಭವವು. ಪಂಡಿತರು ಮೆಚ್ಚುವ ಚಂಪುವನ್ನು ಬಿಟ್ಟು, ಜನರು ಹಾಡಿಕೊಳ್ಳುವ ಸಾಂಗತ್ಯದಲ್ಲಿ ಅದನ್ನು ಬರೆದನು. ಕನ್ನಡಿಗನು, ತೆಲುಗನು, ತುಳುವನು ಮೂವರೂ ಮೈಯುಬ್ಬಿ ಕೇಳಬೇಕೆಂಬುದು ಅವನ ಆಸೆಯಾಗಿದ್ದಿತು. ಪುರಾಣವನ್ನು ಅವನು ಪ್ರೀತಿಸಲಿಲ್ಲವೆಂದು ಯಾರು ಹೇಳಬಲ್ಲರು? ಪ್ರೀತಿಸಿದುದರಿಂದಲೇ ಅದರೊಡನೆ ಸಲಿಗೆಯು ಬೆಳೆಯಿತು. ಸಲಿಗೆಯಿಂದಲೇ ಹಳೆಯ ಕಥೆಯಲ್ಲಿ ಹೊಸ ಬಾಗಿಲನ್ನು ತೆರೆಯುವ ಧೈರ್ಯವು ಬಂದಿತು.

ಇನ್ನು ಬಂಟ್ವಾಳಕ್ಕೆ ಬರೋಣ. ಪಂಜೆ ಮಂಗೇಶರಾಯರು 1874ರಲ್ಲಿ ನೇತ್ರಾವತಿಯ ದಡದ ಈ ಪೇಟೆಯಲ್ಲಿ ಜನಿಸಿದರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮೇಲಿನ ತರಗತಿಗಳಲ್ಲಿ ಇಂಗ್ಲಿಷ್, ಹೀಗೆ ನಾಲ್ಕು ಭಾಷೆಗಳ ನಡುವೆ ಅವರು ಬೆಳೆದರು. ಉಪಾಧ್ಯಾಯರಾಗಿ, ಶಾಲೆಗಳ ತನಿಖಾಧಿಕಾರಿಯಾಗಿ ಊರೂರು ಸುತ್ತಿದರು. ಇಂಗ್ಲಿಷಿನ ಶಿಶುಗೀತೆಗಳೂ ಮಕ್ಕಳ ಕಥೆಗಳೂ ಅವರಿಗೆ ಬಲು ಪ್ರಿಯವಾಗಿದ್ದುವು. ಆ ಗೀತೆಗಳಲ್ಲಿರುವ ಕುಣಿತವು ನಮ್ಮ ಮಕ್ಕಳ ಪಾಠಗಳಲ್ಲೇಕಿಲ್ಲವೆಂದು ಅವರಿಗೆ ಅನಿಸಿರಬೇಕು. ಅನಿಸಿದವರು ಸುಮ್ಮನೆ ಭಾಷಾಂತರಿಸಿ ಕೊಡಬಹುದಾಗಿತ್ತು. ಹಿಮವನ್ನು ಕಾಣದ ಕೂಸಿಗೆ ಹಿಮದ ಹಾಡನ್ನು ಬಾಯಿಪಾಠ ಮಾಡಿಸಬಹುದಾಗಿತ್ತು.

ಪಂಜೆಯವರು ಹಾಗೆ ಮಾಡಲಿಲ್ಲ. ಕುಣಿತವನ್ನು ಅಲ್ಲಿಂದ ಕಲಿತರು, ವಸ್ತುವನ್ನು ತಮ್ಮ ಅಂಗಳದಿಂದ ಎತ್ತಿಕೊಂಡರು. ಹಿತ್ತಿಲಿನ ನಾಗರಹಾವೂ, ಕಡಲಿಂದ ಬಂದು ಮಾಡು ಹಾರಿಸುವ ತೆಂಕಣಗಾಳಿಯೂ ಅವರ ಪದ್ಯಗಳಾದುವು. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ಕೊಡವರ ಸುಗ್ಗಿಯ ಹಬ್ಬವೇ ಅವರಿಗೆ ಗ್ರಂಥವಾಯಿತು. ಅದರಿಂದ ಹುತ್ತರಿ ಹಾಡು ಹುಟ್ಟಿತು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಟ ಕನ್ನಡ ಪದ್ಯಪುಸ್ತಕಗಳ ಸಂಪಾದಕರಾಗಿ ಅವರು ಮಾಡಿದ ಉಪಕಾರವನ್ನು ಈ ಜಿಲ್ಲೆಯ ಶಾಲೆಗಳು ಮರೆಯಲಾರವು. ಕವಿಶಿಷ್ಯನೆಂಬ ಹೆಸರಿನಿಂದ ಅವರು ಬರೆಯುತ್ತಿದ್ದರೆಂಬುದನ್ನು ಗಮನಿಸಿರಿ. ಕವಿಯೆಂದು ಹೇಳಿಕೊಳ್ಳದೆ ಕವಿಗಳ ಶಿಷ್ಯನೆಂದು ಹೇಳಿಕೊಂಡವರೇ ಮಕ್ಕಳಿಗೆ ಹೊಸ ಸಾಹಿತ್ಯವನ್ನು ಕಟ್ಟಿಕೊಟ್ಟರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಕನ್ನಡದ ಮೊದಲನೆಯ ವಾಕ್ಚಿತ್ರವಾದ ಸತಿ ಸುಲೋಚನವು ತೆರೆಗೆ ಬಂದುದೂ ಅದೇ ವರ್ಷದಲ್ಲಿ.

ಪಂಜೆಯವರ ಶಿಷ್ಯರಾಗಿದ್ದ ಮಂಜೇಶ್ವರದ ಗೋವಿಂದ ಪೈಗಳ (1883–1963) ಮಾತನ್ನೂ ಇಲ್ಲಿ ಹೇಳತಕ್ಕದ್ದು. ಅನೇಕ ಭಾಷೆಗಳನ್ನು ಬಲ್ಲ ಅವರು ಸುವಾರ್ತೆಗಳನ್ನು ಓದಿ, ಯೇಸುಕ್ರಿಸ್ತನ ಕಡೆಯ ದಿನವನ್ನು ಕುರಿತು ಗೊಲ್ಗೊಥಾ ಎಂಬ ಖಂಡಕಾವ್ಯವನ್ನು ರಚಿಸಿದರು. ಬುದ್ಧನ ಕಡೆಯ ದಿನವನ್ನು ಕುರಿತು ವೈಶಾಖಿಯನ್ನು ಬರೆದರು. ಪ್ರಿಯವಾದ ಗ್ರಂಥವು ತನ್ನ ಮನೆಯದೇ ಆಗಿರಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿಯು ಬೇಕೆ? ನೆರೆಮನೆಯ ದೀಪದಿಂದ ಹೊತ್ತಿಸಿಕೊಂಡ ಬತ್ತಿಯೂ ನಮ್ಮ ಮನೆಯನ್ನೇ ಬೆಳಗುವುದು.

ಇಷ್ಟರವರೆಗೆ ಹೇಳಿದುದೆಲ್ಲ ಓದಿನ ಮಾತಾಯಿತು. ಆದರೆ ಅಕ್ಷರಗಳಿಲ್ಲದ ಗ್ರಂಥವೊಂದು ನಮ್ಮ ಜಿಲ್ಲೆಯಲ್ಲಿದೆ. ಅದು ತುಳುವಿನ ಪಾಡ್ದನವು. ಪಂಜೆಯವರು ಗದ್ಯದಲ್ಲಿ ಬರೆದ ಕೋಟಿ ಚೆನ್ನಯದ ಕಥೆಯು ಬಂದುದು ಆ ಪಾಡ್ದನದಿಂದಲೇ. 1973ರಲ್ಲಿ ಅದೇ ವೀರರ ಕಥೆಯು ತುಳು ಚಲಚ್ಚಿತ್ರವೂ ಆಯಿತು. ಪಾಡ್ದನಗಳನ್ನು ಭೂತಾರಾಧನೆಯ ಸಮಯದಲ್ಲಿ ಕಟ್ಟುವವರು ಹೇಳುವರು. ಮಳೆಗಾಲದಲ್ಲಿ ನೇಜಿ ನೆಡುವ ಹೆಂಗಸರು ಸೊಂಟ ಬಾಗಿಸಿ ಕೆಸರಿನಲ್ಲಿ ನಿಂತು ಹಾಡುವರು. ಒಬ್ಬಳು ಎತ್ತಿಕೊಟ್ಟುದನ್ನು ಉಳಿದವರು ಅನುಸರಿಸುವರು. ಆ ಹೆಂಗಸರ ಹೆಸರುಗಳನ್ನು ಯಾವ ಮುಖಪುಟದ ಮೇಲೆಯೂ ಅಚ್ಚು ಹಾಕಿಲ್ಲ. ಕಥೆಯನ್ನು ತಲೆಮಾರಿನಿಂದ ತಲೆಮಾರಿಗೆ ಹೊತ್ತು ತಂದವರಲ್ಲಿ ಅವರು ಮುಖ್ಯರಾಗಿದ್ದರೂ ಸಾಹಿತ್ಯದ ಚರಿತ್ರೆಯಲ್ಲಿ ಅವರಿಗೆ ಒಂದು ಸಾಲೂ ದೊರೆತಿಲ್ಲ.

ಬಾಸೆಲ್ ಮಿಶನಿನ ಪಾದ್ರಿಯಾಗಿದ್ದ ಮ್ಯಾನರ್ ಎಂಬವರು ಪಾಡ್ದನಗಳನ್ನು ಸಂಗ್ರಹಿಸಿ 1886ರಲ್ಲಿ ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿಸಿದರು. ಅದಕ್ಕೆ ನೂರು ವರ್ಷಗಳು ಕಳೆದ ಮೇಲೆ, 1990ರಲ್ಲಿ, ಫಿನ್ಲೆಂಡ್ ದೇಶದ ವಿದ್ವಾಂಸರಾದ ಲೌರಿ ಹೊಂಕೊ ಅವರು ನಮ್ಮವರೇ ಆದ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮುಂತಾದವರೊಡನೆ ಸೇರಿ, ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ ಸಿರಿ ಪಾಡ್ದನವನ್ನು ಧ್ವನಿಮುದ್ರಿಸಿಕೊಂಡರು. ನೆನಪಿನಿಂದಲೇ ಅವರು ಹಾಡಿದ ಆ ಕಾವ್ಯವು 15,683 ಸಾಲುಗಳಷ್ಟಾಯಿತು. 1998ರಲ್ಲಿ ಅದು ಹೆಲ್ಸಿಂಕಿಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟವಾಯಿತು. ಅನ್ಯಾಯ ಮಾಡಿದ ಗಂಡನನ್ನು ತ್ಯಜಿಸಿ ಹೊರಟ ಸಿರಿಯೆಂಬ ಹೆಣ್ಣಿನ ಕಥೆಯದು. ಬೆಳ್ತಂಗಡಿಯ ಹಳ್ಳಿಯೊಂದರ ನೆನಪಿನಲ್ಲಿದ್ದುದನ್ನು ಪಂಡಿತ ಪ್ರಪಂಚವು ಮಹಾಕಾವ್ಯವೆಂದು ಗೌರವಿಸಿತು. ನಮ್ಮ ಮನೆಗಳಲ್ಲಾದರೋ ಅಂಥ ಹಾಡನ್ನು ಅಜ್ಜಿಯ ಗುಣುಗಾಟವೆಂದು ಕಡೆಗಣಿಸಿರುವೆವು.

ಓದು, ಕೇಳ್ಮೆಗಳ ತರುವಾಯ ನೋಟದ ವಿಷಯವನ್ನು ಹೇಳಬೇಕಾಗಿದೆ. ಬಂಟ್ವಾಳ ತಾಲೂಕಿನ ಮಂಚಿ ಗ್ರಾಮದ ಬಾಬುಕೋಡಿಯಲ್ಲಿ 1929ರಲ್ಲಿ ಹುಟ್ಟಿದ ಬಿ. ವಿ. ಕಾರಂತರು ಈ ವಿಷಯದಲ್ಲಿ ನಮಗೆ ದೊಡ್ಡ ಉದಾಹರಣೆಯು. ಧರ್ಮಸ್ಥಳದಂಥ ಮೇಳಗಳ ಚೆಂಡೆಯ ಸದ್ದು ರಾತ್ರಿಯೆಲ್ಲ ಗುಡ್ಡದಿಂದ ಗುಡ್ಡಕ್ಕೆ ಕೇಳಿಸುವ ಸೀಮೆಯಿದು. ಮೂರನೆಯ ತರಗತಿಯಲ್ಲಿದ್ದಾಗ ಕಾರಂತರು ಕುವೆಂಪುರವರ ನನ್ನ ಗೋಪಾಲ ನಾಟಕದಲ್ಲಿ ಪಾತ್ರ ವಹಿಸಿದರು. ಒಂದು ಶಾಲಾ ನಾಟಕವು ಒಬ್ಬ ಬಾಲಕನ ಆಯುಷ್ಯವನ್ನೇ ತಿರುಗಿಸಿತು. ಅವರು ಮನೆಯನ್ನು ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪೆನಿಯನ್ನು ಸೇರಿದರು; ಕಾಶಿಯಲ್ಲಿ ಸಂಗೀತವನ್ನು ಕಲಿತರು; ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, 1977ರಲ್ಲಿ ಅದಕ್ಕೇ ನಿರ್ದೇಶಕರಾದರು; 1989ರಲ್ಲಿ ಮೈಸೂರಿನ ರಂಗಾಯಣಕ್ಕೆ ಮೊದಲನೆಯ ನಿರ್ದೇಶಕರಾದರು.

1979ರಲ್ಲಿ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಬರ್ನಂ ವನ ಎಂಬ ಹೆಸರಿನಿಂದ ಹಿಂದಿಯಲ್ಲಿ ಆಡಿಸಬೇಕಾಗಿ ಬಂದಾಗ, ಕಾರಂತರು ಯಕ್ಷಗಾನದ ಹೆಜ್ಜೆಯನ್ನೂ ಗತ್ತನ್ನೂ ಅದಕ್ಕೆ ತೊಡಿಸಿದರು. ಬಾಲ್ಯದ ಬಯಲಾಟವೂ ಕಾಲೇಜಿನ ಶೇಕ್ಸ್‌ಪಿಯರನೂ ಒಂದೇ ರಂಗದ ಮೇಲೆ ಕೈಹಿಡಿದುಕೊಂಡರು. ಅಂತೆಯೇ, ಶಿವರಾಮ ಕಾರಂತರು ಈ ಜಿಲ್ಲೆಯ ಬಡವನೊಬ್ಬನ ಬಾಳನ್ನು ಕಂಡು 1933ರಲ್ಲಿ ಚೋಮನ ದುಡಿ ಕಾದಂಬರಿಯನ್ನು ಬರೆದಿದ್ದರು. ಬಿ. ವಿ. ಕಾರಂತರು ಅದನ್ನು 1975ರಲ್ಲಿ ಚಲಚ್ಚಿತ್ರವಾಗಿ ಮಾಡಲು, ಆ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂದು ಅದಕ್ಕೆ ಸ್ವರ್ಣಕಮಲವು ದೊರೆಯಿತು. ದುಡಿಯ ಸದ್ದಿನಿಂದ ಪುಸ್ತಕ, ಪುಸ್ತಕದಿಂದ ಚಿತ್ರ, ಹೀಗೆ ಒಂದರಿಂದ ಇನ್ನೊಂದು ಹೊತ್ತಿಕೊಳ್ಳುವುದೇ ಪ್ರಭಾವವು.

ಇಲ್ಲಿ ಒಂದು ಕಹಿಯಾದ ಪ್ರಶ್ನೆಯು ಏಳುತ್ತದೆ. ರತ್ನಾಕರನೂ, ಪಂಜೆಯವರೂ, ಕಾರಂತರೂ ಗಂಡಸರು. ಮನೆಬಿಟ್ಟು ಓಡಿಹೋದ ಬಾಲಕನು ಕಲಾವಿದನಾಗಿ ಹಿಂದಿರುಗಿದರೆ ಲೋಕವು ಹಾರ ಹಾಕುತ್ತದೆ. ಬಾಲಿಕೆಯೊಬ್ಬಳು ಹಾಗೆ ಮಾಡಿದ್ದರೆ ಅವಳ ಗತಿಯೇನಾಗುತ್ತಿತ್ತು? ರಾತ್ರಿಯ ಆಟಕ್ಕೆ ಹೋಗಲು ಅಣ್ಣನಿಗೆ ಅಪ್ಪಣೆಯುಂಟು, ತಂಗಿಗೆ ಇಲ್ಲ. ಯಕ್ಷಗಾನದ ರಂಗಸ್ಥಳದ ಮೇಲೆ ದ್ರೌಪದಿಯೂ ಗಂಡಸೇ, ಸೀತೆಯೂ ಗಂಡಸೇ ಆಗಿದ್ದ ಕಾಲವು ಬಹಳ ಹಿಂದಿನದಲ್ಲ. ಕಾಸರಗೋಡಿನ ಮಧೂರಿನಲ್ಲಿ 1947ರಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ವೃತ್ತಿಪರ ಮೇಳಗಳಲ್ಲಿ ಭಾಗವತಿಕೆ ಮಾಡಿದ ಮೊದಲನೆಯ ಮಹಿಳೆಯಾದರು. 2024ರಲ್ಲಿ ಅವರು ತೀರಿಕೊಂಡರು. ಶಾಸ್ತ್ರೀಯ ಸಂಗೀತವನ್ನು ಕಲಿತ ಅವರ ಕಂಠವು ಗಂಡುಕಲೆಯೆಂದು ಹೇಳಿಕೊಳ್ಳುತ್ತಿದ್ದ ಆಟವನ್ನು ಬೆಳಗಿನವರೆಗೆ ನಡೆಸಬಲ್ಲುದಾಗಿತ್ತು. ಕೊರತೆಯು ಹೆಣ್ಣಿನ ಕಂಠದಲ್ಲಿರಲಿಲ್ಲ, ಅವಕಾಶದಲ್ಲಿತ್ತೆಂಬುದು ಇದರಿಂದ ಸ್ಪಷ್ಟವಾಗುವುದು.

ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರು ಈ ಅವಕಾಶದ ವಿಚಾರವನ್ನೇ ಗುಲಾಬಿ ಟಾಕೀಸೆಂಬ ಕಥೆಯಲ್ಲಿ ಮನಸ್ಸಿಗೆ ನಾಟುವಂತೆ ಹೇಳಿದ್ದಾರೆ. ಚಿಕ್ಕದೊಂದು ಊರಿಗೆ ಸಿನೆಮಾ ಮಂದಿರವು ಬರಲು, ಅಡಿಗೆಮನೆಯ ಹೊಗೆಯಲ್ಲಿದ್ದ ಹೆಂಗಸರಿಗೆ ಕೂತುಕೊಳ್ಳುವುದಕ್ಕೊಂದು ಸ್ಥಳವೂ ಕನಸು ಕಾಣುವುದಕ್ಕೊಂದು ಹೊತ್ತೂ ದೊರೆತ ಸಂಗತಿಯದು. ಗಿರೀಶ್ ಕಾಸರವಳ್ಳಿಯವರು ಆ ಕಥೆಯನ್ನು ತಮ್ಮದೇ ರೀತಿಯಲ್ಲಿ ಬದಲಿಸಿಕೊಂಡು 2008ರಲ್ಲಿ ಚಲಚ್ಚಿತ್ರ ಮಾಡಿದರು. ಅದರಲ್ಲಿ ಸೂಲಗಿತ್ತಿಯ ಪಾತ್ರ ವಹಿಸಿದ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿಯು ಬಂದಿತು. ಸಿನೆಮಾ ನೋಡಿದ ಹೆಂಗಸರ ಬಗ್ಗೆ ಒಂದು ಕಥೆ, ಆ ಕಥೆಯಿಂದ ಮತ್ತೊಂದು ಸಿನೆಮಾ! ಬಿ. ವಿ. ಕಾರಂತರ ಆತ್ಮಕಥೆಯನ್ನು ಅವರ ಬಾಯಿಂದ ಕೇಳಿ ಬರೆದಿಟ್ಟವರೂ ವೈದೇಹಿಯವರೇ.

ಕಾರಂತರ ಪತ್ನಿಯಾದ ಪ್ರೇಮಾ ಕಾರಂತರ ಕಡೆಗೂ ದೃಷ್ಟಿ ಹಾಯಿಸೋಣ. ಅವರು 1983ರಲ್ಲಿ ನಿರ್ದೇಶಿಸಿದ ಫಣಿಯಮ್ಮ ಚಿತ್ರವು ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದುದು. ತೀರ್ಥಹಳ್ಳಿಯ ಇಂದಿರಾ ಅವರಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಮದುವೆಯಾಗಲು ಶಾಲೆಯು ನಿಂತುಹೋಯಿತು. ಅವರು ಕಾದಂಬರಿ ಬರೆಯತೊಡಗಿದುದು ನಲ್ವತ್ತು ದಾಟಿದ ಮೇಲೆ. ಬಾಲವಿಧವೆಯಾಗಿ ಬಾಳಿದ ಹಿರಿಯಳೊಬ್ಬಳ ನಿಜವಾದ ಕಥೆಯು ಮನೆಯ ಹೆಂಗಸರ ಮಾತುಗಳಲ್ಲಿ ಉಳಿದು ಅವರ ಕಿವಿಗೆ ಬಿದ್ದಿತ್ತು. ಮುದುಕಿಯ ಮಾತು, ತಾಯಿಯ ಮಾತು, ಮಗಳ ಕಾದಂಬರಿ, ಮತ್ತೊಬ್ಬ ಮಹಿಳೆಯ ಚಲಚ್ಚಿತ್ರ, ಹೀಗೆ ನಾಲ್ಕು ಕೈಗಳನ್ನು ದಾಟಿ ಅದು ನಮ್ಮ ಬಳಿಗೆ ಬಂದಿರುವುದು. ಆ ಸರಪಣಿಯಲ್ಲಿ ಒಬ್ಬಳಾದರೂ ಇದೇನು ಮಹಾ, ಹೆಂಗಸರ ಹರಟೆಯೆಂದು ಬಿಟ್ಟುಬಿಟ್ಟಿದ್ದರೆ ಎಲ್ಲವೂ ಅಲ್ಲಿಯೇ ಮುಗಿಯುತ್ತಿತ್ತು.

ಸಿನೆಮಾದಿಂದಲೂ ಚರವಾಣಿಯ ತೆರೆಯಿಂದಲೂ ಹುಡುಗಿಯರ ಓದು ಕೆಡುವುದೆಂದು ತಾಯಿತಂದೆಗಳು ಹೇಳುವುದು ನಿರಾಧಾರವಾದುದಲ್ಲ. ಒಂದರ ಬೆನ್ನಿಗೊಂದು ತಾನಾಗಿಯೇ ಬಂದು ನಿಲ್ಲುವ ದೃಶ್ಯಗಳನ್ನು ಬೆರಳಿನಿಂದ ಸರಿಸುತ್ತ ಕೂತರೆ ಗಂಟೆಗಳು ನೀರಿನಂತೆ ಹರಿದುಹೋಗುವುವು. ಮರುದಿನ ನೆನಪಿನಲ್ಲಿ ಒಂದೂ ನಿಲ್ಲದು. ಆದರೆ ಇದಕ್ಕೆ ನಿಷೇಧವೊಂದೇ ಮದ್ದೆಂದು ನನಗೆ ತೋರುವುದಿಲ್ಲ. ನಿಷೇಧವು ಹೆಚ್ಚಾಗಿ ಹುಡುಗಿಯರ ಮೇಲೆಯೇ ಬೀಳುವುದು. ಅದೇ ಮನೆಯ ಹುಡುಗನು ಬೇಕಾದುದನ್ನು ನೋಡುತ್ತಲೇ ಇರುವನು. ಅಲ್ಲದೆ, ಒಳ್ಳೆಯ ಪುಸ್ತಕವನ್ನು ಕೂಡ ಫಲವಿಲ್ಲದೆ ಓದುವುದು ಸಾಧ್ಯ. ನೂರು ಕಾದಂಬರಿಗಳನ್ನು ಓದಿ ಒಂದು ಪತ್ರವನ್ನು ನೆಟ್ಟಗೆ ಬರೆಯಲಾರದವರನ್ನು ನಾವೆಲ್ಲರೂ ಕಂಡಿದ್ದೇವೆ. ಸಾಧಾರಣವಾದ ಚಿತ್ರವೊಂದನ್ನು ನೋಡಿ, ಅದರ ಕೊನೆಯು ಸರಿಯಾಗಲಿಲ್ಲವೆಂದು ತಾನೇ ಬೇರೊಂದು ಕೊನೆಯನ್ನು ಬರೆದ ಬಾಲಿಕೆಯು ಅವರಿಗಿಂತ ಹೆಚ್ಚನ್ನು ಗಳಿಸಿರುವಳು.

ಆದುದರಿಂದ ಪ್ರಿಯವಾದುದನ್ನು ಪರೀಕ್ಷಿಸುವುದಕ್ಕೆ ಮೂರು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ. ನೋಡಿದ ಅಥವಾ ಓದಿದ ಕಥೆಯನ್ನು ಮರುದಿನ ನಿನ್ನ ಮನೆಮಾತಿನಲ್ಲಿ, ಅದು ತುಳುವಾಗಲಿ, ಕೊಂಕಣಿಯಾಗಲಿ, ಬ್ಯಾರಿಯಾಗಲಿ, ತಂಗಿಗೆ ಹೇಳಬಲ್ಲೆಯಾ? ಅದರಲ್ಲಿ ನಿನಗೆ ಒಪ್ಪಿಗೆಯಾಗದುದು ಯಾವುದು, ನೀನಾಗಿದ್ದರೆ ಹೇಗೆ ಮಾಡುತ್ತಿದ್ದೆ? ಅದರಂತಹ ಸಂಗತಿಯು ನಿನ್ನ ಊರಿನಲ್ಲಿ ಎಲ್ಲಿದೆ? ಮೊದಲನೆಯದರಿಂದ ನೆನಪು ಬೆಳೆಯುವುದು, ಎರಡನೆಯದರಿಂದ ವಿವೇಕ, ಮೂರನೆಯದರಿಂದ ಸೃಷ್ಟಿ. ಭರತನನ್ನು ಆರಿಸಿಕೊಂಡ ರತ್ನಾಕರನು ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟನು. ಹಿತ್ತಿಲಿನ ಹಾವನ್ನು ಹಾಡಿದ ಪಂಜೆಯವರು ಮೂರನೆಯ ಪ್ರಶ್ನೆಗೆ ಉತ್ತರ ಕೊಟ್ಟರು.

ಉಪಾಧ್ಯಾಯಿನಿಯರಲ್ಲಿಯೂ ಒಂದು ವಿನಂತಿಯುಂಟು. ವಾರಕ್ಕೆ ಒಂದು ಗಂಟೆಯಾದರೂ ಅಂಕಗಳ ಭಯವಿಲ್ಲದ ಬರವಣಿಗೆಗೆ ಮೀಸಲಾಗಲಿ. ಆ ಗಂಟೆಯಲ್ಲಿ ಪ್ರಬಂಧದ ಮಾದರಿಯನ್ನು ಕರಿಹಲಗೆಯ ಮೇಲೆ ಬರೆದುಕೊಡುವುದು ಬೇಡ. ಹತ್ತನೆಯ ತರಗತಿಯ ಪರೀಕ್ಷೆಯು ಹತ್ತಿರ ಬಂದಿತೆಂದು ಮೊದಲು ಕತ್ತರಿಸಲ್ಪಡುವುದು ಇಂಥ ಗಂಟೆಯೇ. ಎಷ್ಟೋ ಬಾಲಿಕೆಯರು ಮನಸ್ಸಿನಿಂದ ಬರೆದ ಕಡೆಯ ಬರಹವು ಒಂಬತ್ತನೆಯ ತರಗತಿಯದೇ ಆಗಿ ಉಳಿದುಬಿಡುವುದು ಇದರಿಂದಲೇ. ಇಂದಿರಾ ಅವರು ನಲ್ವತ್ತರ ತರುವಾಯ ಲೇಖನಿಯನ್ನು ಹಿಡಿದುದು ಅವರ ಹಿರಿಮೆಯು. ಅಷ್ಟು ಕಾಲ ಕಾಯುವಂತೆ ಮಾಡಿದುದು ಸಮಾಜದ ಹಿರಿಮೆಯಲ್ಲ.

ಕಡೆಯದಾಗಿ, ಈ ರಜೆಯಲ್ಲಿಯೇ ಕೈಗೊಳ್ಳಬಹುದಾದ ಒಂದು ಕೆಲಸವನ್ನು ಸೂಚಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ಬತ್ತದ ಗದ್ದೆಗಳು ಅಡಿಕೆಯ, ರಬ್ಬರಿನ ತೋಟಗಳಾಗಿ ಮಾರ್ಪಡುತ್ತಿವೆ. ಉಳಿದ ಗದ್ದೆಗಳಿಗೂ ನಾಟಿಯ ಯಂತ್ರಗಳು ಇಳಿಯುತ್ತಿವೆ. ನೇಜಿ ನೆಡುವ ಸಾಲು ಇಲ್ಲದೆ ಹೋದ ಮೇಲೆ ನೇಜಿಯ ಹಾಡಿಗೆ ನೆಲೆಯೆಲ್ಲಿ? ಅದನ್ನು ಬಲ್ಲ ಅಜ್ಜಿಯರು ಇನ್ನೂ ಕೆಲವರು ಇದ್ದಾರೆ. ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಅಂಥ ಒಬ್ಬಳ ಬಳಿ ಕೂತು, ಅವಳ ಅಪ್ಪಣೆಯನ್ನು ಪಡೆದು, ಒಂದು ಪಾಡ್ದನವನ್ನೋ ಕಥೆಯನ್ನೋ ಚರವಾಣಿಯಲ್ಲಿ ಧ್ವನಿಮುದ್ರಿಸಿಕೊಳ್ಳಲಿ. ಆಮೇಲೆ ಅದನ್ನು ಕನ್ನಡ ಲಿಪಿಯಲ್ಲಿ ಬರೆದು, ಊರನ್ನೂ ದಿನಾಂಕವನ್ನೂ, ಎಲ್ಲಕ್ಕಿಂತ ಮುಖ್ಯವಾಗಿ ಹಾಡಿದವಳ ಹೆಸರನ್ನೂ ಮೇಲೆ ಬರೆಯಲಿ. ಪಾದ್ರಿ ಮ್ಯಾನರರು ಬರಿಯ ಲೇಖನಿಯಿಂದ ಮಾಡಿದ ಕೆಲಸಕ್ಕೆ ನಿಮ್ಮ ಕೈಯಲ್ಲಿ ಅದಕ್ಕಿಂತ ಒಳ್ಳೆಯ ಉಪಕರಣವಿದೆ. ಹೊತ್ತನ್ನು ನುಂಗುತ್ತದೆಂದು ಎಲ್ಲರೂ ಬೈಯುವ ಆ ಉಪಕರಣವೇ ಒಂದು ಕಂಠವನ್ನು ಕಾಲದ ಬಾಯಿಂದ ಉಳಿಸೀತು.

ಹೀಗೆ ಸಂಗ್ರಹಿಸಿದವುಗಳಲ್ಲಿ ಹತ್ತು ಉತ್ತಮವಾದವು ಮುಂದಿನ ಸ್ಮರಣ ಸಂಚಿಕೆಯಲ್ಲಿ ಅಚ್ಚಾದರೆ, ಬಾಳೆಲ್ಲ ಹಾಡಿದ ಹೆಂಗಸೊಬ್ಬಳು ತನ್ನ ಹೆಸರನ್ನು ಮೊದಲ ಬಾರಿಗೆ ಮುದ್ರಣದಲ್ಲಿ ಕಾಣುವಳು. ಓದು ಬಾರದಿದ್ದರೆ ಮೊಮ್ಮಗಳು ಓದಿ ಹೇಳುವಳು. ಬರೆದುಕೊಂಡ ಬಾಲಿಕೆಯರಲ್ಲಿ ಒಬ್ಬಳಿಗಾದರೂ ಆ ಹಾಡು ಕಿವಿಯಲ್ಲಿ ನಿಂತು, ಹತ್ತು ವರ್ಷಗಳ ತರುವಾಯ ಕಥೆಯಾಗಿಯೋ ನಾಟಕವಾಗಿಯೋ ಹೊರಬಾರದೆಂದು ಹೇಳಬಲ್ಲವರಾರು? ಆಗ ಯಾರಾದರೂ ಅವಳನ್ನು ನಿನಗೆ ಪ್ರಿಯವಾದ ಗ್ರಂಥವು ಯಾವುದೆಂದು ಕೇಳಿದರೆ, ಅವಳು ಒಬ್ಬ ಅಜ್ಜಿಯ ಹೆಸರನ್ನು ಹೇಳಿಯಾಳು.